ಹಳೆಯ ಮಸ್ಟ್ಯಾಂಗ್, ಮನೆಯ ಗ್ಯಾರೇಜು: ಎಲ್ಲಿಂದ ಶುರು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು

ಮೊದಲೇ ಹೇಳಿಬಿಡುತ್ತೇನೆ. ಹಳೆಯ ಕಾರು ಮನೆಗೆ ಬಂದ ಮೊದಲ ಶನಿವಾರವೇ ಪಾನಾ ಹಿಡಿದು ಪೂರ್ತಿ ಬಿಚ್ಚಲು ಕೂರಬೇಡಿ. ಇಲ್ಲಿ ಮಿಷಿಗನ್‌ನಲ್ಲಿ ನಾನು ನೋಡಿದ ಎಷ್ಟೋ ಕಾರುಗಳು ಹಾಗೇ ಸತ್ತಿವೆ. ಬಿಚ್ಚುವುದಕ್ಕೆ ಎರಡು ವಾರ ಸಾಕು. ಆಮೇಲೆ ಬೋಲ್ಟುಗಳೆಲ್ಲ ಕಾಫಿ ಡಬ್ಬಿಯಲ್ಲಿ, ಬಾಗಿಲು ಅಟ್ಟದಲ್ಲಿ, ಸೀಟು ನೆಲಮಾಳಿಗೆಯಲ್ಲಿ. ಯಾವ ಬೋಲ್ಟು ಎಲ್ಲಿಯದು ಅನ್ನುವುದು ಮೊದಲ ಚಳಿಗಾಲಕ್ಕೇ ಮರೆತುಹೋಗುತ್ತದೆ. ಐದು ವರ್ಷ ಬಿಟ್ಟು ಅದೇ ಕಾರು 'ಮುಕ್ಕಾಲು ಕೆಲಸ ಮುಗಿದಿದೆ' ಅನ್ನುವ ಜಾಹೀರಾತಿನೊಂದಿಗೆ ಮಾರಾಟಕ್ಕೆ ನಿಂತಿರುತ್ತದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಸರಳ. ಒಂದು ಸಲಕ್ಕೆ ಒಂದೇ ಕೆಲಸ. ಭಾನುವಾರ ರಾತ್ರಿ ಗ್ಯಾರೇಜಿನ ಲೈಟ್ ಆರಿಸುವಾಗ ಕಾರು ತನ್ನ ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಈ ಬರಹದಲ್ಲಿ ಕೆಲಸಗಳನ್ನು ಹೇಳುವ ಕ್ರಮವೂ ಅದೇ: ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು, ಚೆನ್ನಾಗಿ ಕಾಣುವುದು ಕೊನೆಗೆ.

ನನ್ನ ಹತ್ತಿರ ಇರುವುದು 1967ರ ಫೋರ್ಡ್ ಮಸ್ಟ್ಯಾಂಗ್. 289 ಕ್ಯೂಬಿಕ್ ಇಂಚಿನ, ಅಂದರೆ 4.7 ಲೀಟರಿನ ವಿ8 ಎಂಜಿನ್, ಎರಡು ಬ್ಯಾರೆಲ್ ಕಾರ್ಬ್ಯುರೇಟರ್, ಸಿ4 ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಶುದ್ಧಾಚಾರದವರು ಇದನ್ನು ಮಸಲ್ ಕಾರ್ ಅಂತ ಒಪ್ಪುವುದಿಲ್ಲ. ಅವರ ಪ್ರಕಾರ ಇದು 'ಪೋನಿ ಕಾರ್', ಅಂದರೆ ಚಿಕ್ಕ ಗಾತ್ರದ ಸ್ಪೋರ್ಟಿ ಕಾರು. ಮಸಲ್ ಕಾರ್ ಅಂದರೆ 1964ರಲ್ಲಿ ಪಾಂಟಿಯಾಕ್ ಕಂಪನಿ ಸಾಧಾರಣ ಟೆಂಪೆಸ್ಟ್ ಕಾರಿಗೆ 389 ಇಂಚಿನ ದೊಡ್ಡ ಎಂಜಿನ್ ಇಳಿಸಿ ಮಾಡಿದ ಜಿಟಿಒ, ಮತ್ತೆ ಅದರ ಬೆನ್ನಿಗೆ ಬಂದವು. ಇರಲಿ ಬಿಡಿ. ಮನೆಯಲ್ಲಿ ರಿಪೇರಿ ಕಲಿಯುವವರಿಗೆ ಮಸ್ಟ್ಯಾಂಗ್‌ನಷ್ಟು ಒಳ್ಳೆಯ ಮೇಷ್ಟ್ರು ಇನ್ನೊಂದಿಲ್ಲ. ಸಣ್ಣ ಕ್ಲಿಪ್‌ನಿಂದ ಹಿಡಿದು ಇಡೀ ಬಾಡಿಯವರೆಗೆ ಎಲ್ಲ ಹೊಸದಾಗಿ ಸಿಗುತ್ತದೆ. ನಿಮ್ಮದು ಶೆವರ್ಲೆ ಶೆವೆಲ್ಲೋ ಡಾಜ್ ಚಾರ್ಜರೋ ಆದರೆ ಕ್ರಮ ಇದೇ, ಅಂಕಿಗಳು ಬೇರೆ. ಆ ವರ್ಷದ ಫ್ಯಾಕ್ಟರಿ ಶಾಪ್ ಮ್ಯಾನ್ಯುಯಲ್ ಮರುಮುದ್ರಣ ಸಿಗುತ್ತದೆ. ಮೊದಲು ಅದನ್ನು ಕೊಂಡುಕೊಳ್ಳಿ.

ಕೊಳ್ಳುವ ಮುಂಚೆ: ನಂಬರು, ಅಯಸ್ಕಾಂತ, ಒಂದು ಬಕೆಟ್ ನೀರು

ಬಾನೆಟ್ ಎತ್ತಿ ಡ್ರೈವರ್ ಕಡೆಯ ಒಳ ಮಡ್‌ಗಾರ್ಡಿನ ಅಂಚಿನಲ್ಲಿ ಕೊರೆದಿರುವ ನಂಬರ್ ನೋಡಿ. ಉದಾಹರಣೆಗೆ ಅದು 7ಎಫ್01ಸಿ ಅಂತ ಶುರುವಾದರೆ 7 ಅಂದರೆ 1967, ಎಫ್ ಅಂದರೆ ಡಿಯರ್‌ಬಾರ್ನ್ ಕಾರ್ಖಾನೆ, 01 ಅಂದರೆ ಹಾರ್ಡ್‌ಟಾಪ್, ಸಿ ಅಂದರೆ ಎರಡು ಬ್ಯಾರೆಲ್‌ನ 289. ಸ್ಯಾನ್ ಹೋಸೆಯದಾದರೆ ಆರ್, ಮೆಟಚನ್‌ನದಾದರೆ ಟಿ. ಇಳಿಜಾರು ಬೆನ್ನಿನ ಫಾಸ್ಟ್‌ಬ್ಯಾಕ್‌ಗೆ 02, ಕನ್ವರ್ಟಿಬಲ್‌ಗೆ 03. ಆರು ಸಿಲಿಂಡರಿನ ಕಾರಿಗೆ ವಿ8 ಕೂರಿಸಿ ಜಾಸ್ತಿ ದುಡ್ಡು ಕೇಳುವವರು ಬೇಕಾದಷ್ಟು ಜನ ಇದ್ದಾರೆ. ನಂಬರಿನಲ್ಲಿ ಸಿ ಬದಲು ಟಿ ಇದ್ದರೆ ಅದು ಹುಟ್ಟಿದ್ದು 200 ಇಂಚಿನ ಆರು ಸಿಲಿಂಡರ್ ಆಗಿ. ಕಾಗದಪತ್ರದಲ್ಲಿರುವ ನಂಬರೂ ಇದೂ ಒಂದೇನಾ ಅಂತ ಅಲ್ಲೇ ತಾಳೆ ನೋಡಿ.

ಆಮೇಲೆ ಫ್ರಿಜ್ಜಿಗೆ ಅಂಟಿಸುವ ತೆಳು ಅಯಸ್ಕಾಂತ ಒಂದನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ, ಹಿಂದಿನ ಚಕ್ರದ ಕಮಾನು, ಬಾಗಿಲ ಕೆಳ ಅಂಚು, ಮುಂದಿನ ಮಡ್‌ಗಾರ್ಡಿನ ಹಿಂಭಾಗ ಇಷ್ಟೂ ಕಡೆ ಇಟ್ಟು ನೋಡಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಬಣ್ಣದ ಕೆಳಗೆ ಪುಟ್ಟಿ ತುಂಬಿದೆ. ಡಿಕ್ಕಿ ತೆಗೆದು ಮ್ಯಾಟ್ ಎತ್ತಿ. ಈ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಪೆಟ್ರೋಲ್ ವಾಸನೆ ಮೂಗಿಗೆ ಹೊಡೆದರೆ ಬೆಲೆ ಇಳಿಸಿ ಮಾತಾಡಿ.

ಈಗ ಬಕೆಟ್ ನೀರು. ಮುಂದಿನ ಗಾಜಿನ ಕೆಳಗೆ, ವೈಪರ್ ಹತ್ತಿರ ಗಾಳಿ ಒಳಗೆ ಹೋಗಲು ಜಾಲರಿ ಇರುತ್ತದೆ. ಅದರ ಕೆಳಗಿನ ತಗಡಿನ ಪೆಟ್ಟಿಗೆಗೆ ಕೌಲ್ ಅನ್ನುತ್ತಾರೆ. ಮಳೆ ನೀರು ಇಲ್ಲಿ ಬಿದ್ದು ಎರಡೂ ಪಕ್ಕದಿಂದ ಹೊರಗೆ ಹರಿದುಹೋಗಬೇಕು. ಎಲೆ, ಧೂಳು ಕೂತು ಐವತ್ತು ವರ್ಷ ಒದ್ದೆಯಾಗಿ ಕೊಳೆತರೆ ಒಳಗಿನ ಗಾಳಿಕೊಳವೆಯ ಬುಡ ತೂತಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ನೀವು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಹಿಡಿದು ಮಲಗಿ, ಇನ್ನೊಬ್ಬರಿಂದ ಜಾಲರಿಯ ಮೇಲೆ ನಿಧಾನವಾಗಿ ನೀರು ಹುಯ್ಯಿಸಿ. ಹಣೆಯ ಮೇಲೆ ತೊಟ್ಟು ಬಿತ್ತೋ, ಕೌಲ್ ಹೋಗಿದೆ.

ನಾನು ಈ ಪರೀಕ್ಷೆ ಮಾಡದೆ ಕೊಂಡೆ. ಡ್ರೈವರ್ ಕಾಲಡಿಯ ತಗಡು ತುಕ್ಕು ಹಿಡಿದಿತ್ತು. ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆ ಹಾಕುವ ಉಪ್ಪಿನ ನೀರು ಕೆಳಗಿನಿಂದ ಸಿಡಿದು ಹಾಗಾಗಿದೆ ಅಂದುಕೊಂಡೆ. ಮೂರು ವಾರ ಕೂತು ಹೊಸ ತಗಡು ವೆಲ್ಡ್ ಮಾಡಿ, ಬಣ್ಣ ಹೊಡೆದು, ಹೊಸ ಕಾರ್ಪೆಟ್ ಹಾಸಿದೆ. ಮೊದಲ ಮಳೆಗೆ ಕಾರ್ಪೆಟ್ ಹಿಂಡಿದರೆ ನೀರು. ತುಕ್ಕು ಕೆಳಗಿನಿಂದ ಬಂದದ್ದೇ ಅಲ್ಲ, ಮೇಲಿನಿಂದ ಇಳಿದದ್ದು. ಕೌಲ್ ಸರಿಮಾಡಬೇಕಾದರೆ ನೂರಕ್ಕೂ ಹೆಚ್ಚು ಸ್ಪಾಟ್ ವೆಲ್ಡ್‌ಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ಮೇಲಿನ ತಗಡು ಎತ್ತಬೇಕು. ಒಂದು ಬಕೆಟ್ ನೀರು ಖರ್ಚು ಮಾಡಿದ್ದರೆ ಆ ಬೇಸಿಗೆ ಉಳಿಯುತ್ತಿತ್ತು.

ಬೇಕಾದ ಸಾಮಾನು

ಇಂಚಿನ ಅಳತೆಯ ಸಾಕೆಟ್ ಸೆಟ್ಟು. ಮಿಲಿಮೀಟರಿನದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಬೋಲ್ಟಿನ ತಲೆ ಸವೆಸುತ್ತದೆ ಅಷ್ಟೇ. ಟಾರ್ಕ್ ರೆಂಚ್, ಫೀಲರ್ ಗೇಜ್, ಟೈಮಿಂಗ್ ಲೈಟ್, ಡ್ವೆಲ್ ಮೀಟರ್, ಕಂಪ್ರೆಷನ್ ಗೇಜ್, ಮಲ್ಟಿಮೀಟರ್. ನಾಲ್ಕು ಗಟ್ಟಿ ಜ್ಯಾಕ್ ಸ್ಟ್ಯಾಂಡ್. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ. ಪೆಟ್ರೋಲ್ ಬೆಂಕಿಗೆ ಆಗುವಂಥ ಅಗ್ನಿಶಾಮಕ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಡಿ. ಮತ್ತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ, ಮಾರ್ಕರ್ ಪೆನ್ನು, ಫೋನಿನ ಕ್ಯಾಮೆರಾ. ಬಿಚ್ಚುವ ಮುಂಚೆ ಫೋಟೊ, ಬಿಚ್ಚಿದ್ದು ಚೀಲಕ್ಕೆ, ಚೀಲದ ಮೇಲೆ ಹೆಸರು.

ಮೊದಲು ಬ್ರೇಕು

ಎಂಜಿನ್ ಸದ್ದು ಕೇಳುವ ಆಸೆ ಎಲ್ಲರಿಗೂ ಇರುತ್ತದೆ. ತಡೆದುಕೊಳ್ಳಿ. ನಿಲ್ಲದ ಕಾರು ಸ್ಟಾರ್ಟ್ ಆದರೆ ಗ್ಯಾರೇಜಿನ ಗೋಡೆಗೇ ಅಪಾಯ.

1967ರ ಮಸ್ಟ್ಯಾಂಗ್‌ಗೆ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಇದೆ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವುದು ಇದೇ. ಮುಂದಿನ ಚಕ್ರದ ಲೈನ್ ಒಡೆದರೂ ಹಿಂದಿನದು ಸ್ವಲ್ಪ ಹಿಡಿಯುತ್ತದೆ. 1966ರವರೆಗಿನದಕ್ಕೆ ಒಂದೇ ಕೋಣೆ. ಒಂದು ಕಡೆ ಒಡೆದರೆ ಪೆಡಲ್ ನೇರ ನೆಲಕ್ಕೆ. ಅಂಥ ಕಾರು ನಿಮ್ಮದಾದರೆ ಎರಡು ಕೋಣೆಯದಕ್ಕೆ ಬದಲಾಯಿಸಿ. ಈ ಒಂದು ವಿಷಯದಲ್ಲಿ 'ಒರಿಜಿನಲ್' ಅನ್ನುವ ಹಟ ಬೇಡ.

ಚಕ್ರದ ಬ್ರೇಕ್ ಡ್ರಮ್ ತೆಗೆಯುವಾಗ ಒಳಗಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಬ್ರೇಕ್ ಕ್ಲೀನರ್ ಸ್ಪ್ರೇ ಮಾಡಿ ಒದ್ದೆ ಮಾಡಿ, ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲಕ್ಕೆ ಕಟ್ಟಿ. ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ. ಸ್ಪ್ರಿಂಗ್ ಯಾವುದು ಎಲ್ಲಿತ್ತು ಅಂತ ಗೊಂದಲವಾದರೆ ಪಕ್ಕದ ಚಕ್ರ ನೋಡಿಕೊಳ್ಳಬಹುದು. ಲೈನಿಂಗ್ ಚಿಕ್ಕದಿರುವ ಶೂ ಕಾರಿನ ಮುಂದಿನ ಕಡೆಗೆ, ದೊಡ್ಡದು ಹಿಂದಕ್ಕೆ. ನಕ್ಷತ್ರದ ಹಲ್ಲಿನ ಅಡ್ಜಸ್ಟರ್ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಹೋಗಬೇಕು. ಅದಲುಬದಲಾದರೆ ಬ್ರೇಕ್ ಬಿಗಿಯಾಗುವ ಬದಲು ಸಡಿಲವಾಗುತ್ತಾ ಹೋಗುತ್ತದೆ.

ರಬ್ಬರ್ ಹೋಸ್ ಮೂರಿವೆ. ಮುಂದೆ ಎರಡು, ಹಿಂದೆ ಒಂದು. ಚೆನ್ನಾಗಿ ಕಂಡರೂ ಮೂರನ್ನೂ ಬದಲಾಯಿಸಿ. ಹಳೆಯದು ಒಳಗೊಳಗೇ ಊದಿಕೊಂಡು ಮುಚ್ಚಿಹೋಗುತ್ತದೆ. ಆಗ ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಬಿಟ್ಟರೆ ಬಿಡುವುದಿಲ್ಲ. ಕಬ್ಬಿಣದ ಲೈನ್ ತುಕ್ಕು ಹಿಡಿದಿದ್ದರೆ ನಿಕಲ್-ತಾಮ್ರದ ಲೈನ್ ಹಾಕಿ, ಕೈಯಲ್ಲೇ ಬಗ್ಗುತ್ತದೆ. ಡಾಟ್ 3 ಬ್ರೇಕ್ ಎಣ್ಣೆ ತುಂಬಿ, ಲೈನಿನೊಳಗೆ ಸಿಕ್ಕಿಕೊಂಡ ಗಾಳಿ ತೆಗೆಯಿರಿ. ಮೊದಲು ಹಿಂದಿನ ಬಲ, ಆಮೇಲೆ ಹಿಂದಿನ ಎಡ, ಮುಂದಿನ ಬಲ, ಕೊನೆಗೆ ಮುಂದಿನ ಎಡ. ಈ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಚೆಲ್ಲಿದರೆ ತಕ್ಷಣ ನೀರಿನಲ್ಲಿ ತೊಳೆಯಿರಿ.

ಚಕ್ರ ಬಿಚ್ಚಿದಾಗಲೇ ಟೈರಿನ ಪಕ್ಕೆ ನೋಡಿ. DOT ಅಂತ ಶುರುವಾಗುವ ಅಕ್ಷರಗಳ ಕೊನೆಯಲ್ಲಿ ನಾಲ್ಕಂಕಿ ಇರುತ್ತದೆ. 2309 ಅಂದರೆ 2009ರ 23ನೇ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಉಳಿದಿದ್ದರೂ ಎಸೆಯಿರಿ.

ಮುಂದಿನ ಕಾಯಿಲ್ ಸ್ಪ್ರಿಂಗಿಗೆ ಮಾತ್ರ ಸುಮ್ನೆ ಕೈ ಹಾಕಬೇಡಿ. ಈ ಕಾರಿನಲ್ಲಿ ಅದು ಮೇಲಿನ ಕಂಟ್ರೋಲ್ ಆರ್ಮ್ ಮೇಲೆ ಅದುಮಿಕೊಂಡು ಕೂತಿರುತ್ತದೆ. ಅದಕ್ಕೆಂದೇ ಮಾಡಿದ ಕಂಪ್ರೆಸರ್ ಇಲ್ಲದೆ ಬಿಚ್ಚಿದರೆ ಗುಂಡಿನ ಹಾಗೆ ಹಾರುತ್ತದೆ. ನಾನು ಈ ಕೆಲಸ ಗೊತ್ತಿರುವವರಿಗೆ ದುಡ್ಡು ಕೊಟ್ಟು ಮಾಡಿಸಿದೆ.

ಮಲಗಿರುವ ಎಂಜಿನ್ ಎಬ್ಬಿಸುವುದು

ವರ್ಷಗಟ್ಟಲೆ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿ ಸೀದಾ ಕೀ ತಿರುಗಿಸಬೇಡಿ. ಸಿಲಿಂಡರಿನ ಗೋಡೆ ಒಣಗಿರುತ್ತದೆ, ಪಿಸ್ಟನ್ ರಿಂಗು ಅಂಟಿಕೊಂಡಿರುತ್ತದೆ. ಎಂಟೂ ಸ್ಪಾರ್ಕ್ ಪ್ಲಗ್ ತೆಗೆದು ಪ್ರತಿ ತೂತಿಗೆ ಒಂದೆರಡು ಚಮಚ ತೆಳು ಎಣ್ಣೆ ಹಾಕಿ ಎರಡು ದಿನ ಬಿಡಿ. ಆಮೇಲೆ ಎಂಜಿನ್ ಮುಂಭಾಗದಲ್ಲಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ದಂಡದ ಪುಲ್ಲಿಯ ಬೋಲ್ಟಿಗೆ 15/16 ಇಂಚಿನ ಸಾಕೆಟ್ ಹಾಕಿ ಉದ್ದ ಹಿಡಿಯ ರೆಂಚಿನಲ್ಲಿ ಕೈಯಿಂದ ತಿರುಗಿಸಿ. ಪೂರ್ತಿ ಎರಡು ಸುತ್ತು ಸಲೀಸಾಗಿ ಬಂದರೆ ಅರ್ಧ ಗೆದ್ದ ಹಾಗೆ. ಸಿಕ್ಕಿಕೊಂಡರೆ ಒತ್ತಾಯ ಮಾಡದೆ ಇನ್ನೆರಡು ದಿನ ನೆನೆಯಲು ಬಿಡಿ.

ಇದೇ ಸಮಯದಲ್ಲಿ ಟೈಮಿಂಗ್ ಚೈನ್ ಪರೀಕ್ಷೆಯೂ ಆಗಿಹೋಗಲಿ. ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನು ಕ್ರ್ಯಾಂಕಿನಿಂದ ತಿರುಗಿಸುವ ಸರಪಳಿ ಅದು. ಪ್ಲಗ್‌ಗಳಿಗೆ ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಕ್ರ್ಯಾಂಕನ್ನು ಒಂದು ದಿಕ್ಕಿಗೆ ತಿರುಗಿಸಿ ನಿಲ್ಲಿಸಿ. ಈಗ ನಿಧಾನವಾಗಿ ವಾಪಸ್ ತಿರುಗಿಸುತ್ತಾ ಒಳಗಿನ ರೋಟರ್ ಯಾವಾಗ ಅಲುಗಾಡುತ್ತದೆ ನೋಡಿ. ಕ್ರ್ಯಾಂಕ್ ಎಂಟು ಹತ್ತು ಡಿಗ್ರಿ ತಿರುಗಿದರೂ ರೋಟರ್ ಕದಲದಿದ್ದರೆ ಚೈನ್ ಜೋಲುಬಿದ್ದಿದೆ. ಆ ಕಾಲದ ಎಷ್ಟೋ ವಿ8ಗಳಲ್ಲಿ ಸದ್ದು ಕಡಿಮೆಯಾಗಲಿ ಅಂತ ಕ್ಯಾಮ್ ಗೇರಿನ ಹಲ್ಲಿಗೆ ನೈಲಾನ್ ಹೊದಿಸುತ್ತಿದ್ದರು. ಆ ನೈಲಾನ್ ಪುಡಿಯಾಗಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ. ವಾರ್ನಿಷ್ ವಾಸನೆ ಬರುತ್ತಿರುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಭಾಗ ಎಥೆನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಟ್ಯಾಂಕಿನಿಂದ ಕಾರ್ಬ್ಯುರೇಟರ್‌ವರೆಗಿನ ರಬ್ಬರ್ ಪೈಪೆಲ್ಲ ಬದಲಾಯಿಸಿ. ಪೈಪಿನ ಮೇಲೆ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವುದನ್ನೇ ಕೇಳಿ ತನ್ನಿ.

ಎಂಜಿನ್ ಕೈಯಲ್ಲಿ ತಿರುಗಿತು ಅಂದರೆ ಕಂಪ್ರೆಷನ್ ನೋಡಿ, ಅಂದರೆ ಪ್ರತಿ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತಡಕ್ಕೆ ಅದುಮುತ್ತದೆ ಅಂತ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಎಂಟೂ ಪ್ಲಗ್ ಹೊರಗಿರಬೇಕು, ಆಕ್ಸಲರೇಟರ್ ಪೂರ್ತಿ ತೆರೆದಿರಬೇಕು, ಕಾಯಿಲ್ ವೈರ್ ಬಿಚ್ಚಿರಬೇಕು. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಹೊಡೆದು ಅಂಕಿ ಬರೆದುಕೊಳ್ಳಿ. ಎಲ್ಲಕ್ಕಿಂತ ಕಡಿಮೆ ಬಂದದ್ದು ಎಲ್ಲಕ್ಕಿಂತ ಜಾಸ್ತಿ ಬಂದದ್ದರ ಮುಕ್ಕಾಲು ಪಾಲಾದರೂ ಇರಬೇಕು. ಒಂದು ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿತು ಅಂದರೆ ರಿಂಗು ಸವೆದಿದೆ, ಏರಲಿಲ್ಲ ಅಂದರೆ ವಾಲ್ವೋ ಗ್ಯಾಸ್ಕೆಟ್ಟೋ.

ಸಿಬಿ ಪಾಯಿಂಟ್, ಟೈಮಿಂಗ್

ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸ ಇದು. ಸಿಬಿ ಪಾಯಿಂಟ್ ಅಂದರೆ ಕಾಂಟ್ಯಾಕ್ಟ್ ಬ್ರೇಕರ್, ತೆರೆದಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್ಚು. ಶಿವಮೊಗ್ಗದಲ್ಲಿ ಅಪ್ಪನ ಹತ್ತಿರ ಮೈಸೂರಿನಲ್ಲಿ ತಯಾರಾದ ಜಾವಾ ಇತ್ತು. ಭಾನುವಾರ ಬೆಳಿಗ್ಗೆ ಉಪ್ಪುಕಾಗದ ಹಿಡಿದು ಅದರ ಸಿಬಿ ಪಾಯಿಂಟ್ ತಿಕ್ಕುವುದೇ ಅವರ ಪೂಜೆ. ಹೋದ ಬೇಸಿಗೆ ಇಲ್ಲಿಗೆ ಬಂದಿದ್ದಾಗ ನಾನು ಮಸ್ಟ್ಯಾಂಗ್ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದೆ. ಕನ್ನಡಕ ಏರಿಸಿ ಬಗ್ಗಿ ನೋಡಿದರು.

"ಏನೋ ಇದು, ಎಂಟು ಸಿಲಿಂಡರಿಗೂ ಒಂದೇ ಪಾಯಿಂಟಾ?"

ಹೌದು, ಒಂದೇ. ಎಂಟು ಮೂಲೆಯ ಕ್ಯಾಮ್ ಒಂದು ಸುತ್ತು ತಿರುಗಿದರೆ ಪಾಯಿಂಟ್ ಎಂಟು ಸಲ ತೆರೆಯುತ್ತದೆ, ಎಂಟು ಕಿಡಿ. ಕ್ರ್ಯಾಂಕ್ ತಿರುಗಿಸಿ ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಒಂದು ಮೂಲೆಯ ತುದಿಗೆ ಬರುವ ಹಾಗೆ ನಿಲ್ಲಿಸಿ. ಆಗ ಪಾಯಿಂಟ್ ಎಷ್ಟು ಸಾಧ್ಯವೋ ಅಷ್ಟು ತೆರೆದಿರುತ್ತದೆ. ಆ ಸಂದು 289ಕ್ಕೆ 0.017 ಇಂಚು ಇರಬೇಕು. ಸ್ಕ್ರೂ ಸ್ವಲ್ಪ ಸಡಿಲಿಸಿ, ಫೀಲರ್ ಗೇಜ್ ತೂರಿಸಿ, ಗೇಜ್ ಎಳೆದಾಗ ಒಂಚೂರು ಹಿಡಿದಂತೆ ಅನ್ನಿಸುವಾಗ ಸ್ಕ್ರೂ ಬಿಗಿ ಮಾಡಿ. ಬಿಗಿ ಮಾಡುವಾಗ ಸಂದು ಕದಲುತ್ತದೆ. ಅದಕ್ಕೇ ಮತ್ತೊಮ್ಮೆ ಅಳೆಯಿರಿ. ಅಪ್ಪ ಜೇಬಿನಿಂದ ವಿಸಿಟಿಂಗ್ ಕಾರ್ಡ್ ತೆಗೆದು ಪಾಯಿಂಟಿನ ನಡುವೆ ತೂರಿಸಿ ಎಳೆದರು. ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡಿತು. ಅದು ಎಣ್ಣೆ. ಹೊಸ ಪಾಯಿಂಟಿಗೂ ತುಕ್ಕು ಹಿಡಿಯದಿರಲು ಎಣ್ಣೆ ಸವರಿರುತ್ತಾರೆ. ಅದನ್ನು ಒರೆಸದಿದ್ದರೆ ಪಾಯಿಂಟ್ ಬೇಗ ಸುಡುತ್ತದೆ.

ಫೀಲರ್ ಗೇಜ್ ಹೊಸ ಪಾಯಿಂಟಿಗೆ ಸಾಕು. ಹಳೆಯದರಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಆಗಿರುವುದರಿಂದ ಅಳತೆ ತಪ್ಪುತ್ತದೆ. ಆಗ ಡ್ವೆಲ್ ಮೀಟರ್ ಬೇಕು. ಪ್ರತಿ ಕಿಡಿಗೆ ಮುಂಚೆ ಪಾಯಿಂಟ್ ಮುಚ್ಚಿರುವಾಗ ಕ್ಯಾಮ್ ಎಷ್ಟು ಡಿಗ್ರಿ ತಿರುಗುತ್ತದೆ ಅನ್ನುವುದೇ ಡ್ವೆಲ್. 26ರಿಂದ 31 ಡಿಗ್ರಿ ಒಳಗೆ ಬರಬೇಕು. ಸಂದು ಜಾಸ್ತಿಯಾದರೆ ಡ್ವೆಲ್ ಇಳಿಯುತ್ತದೆ, ಕಡಿಮೆಯಾದರೆ ಏರುತ್ತದೆ.

ಪಾಯಿಂಟ್ ಮುಗಿದ ಮೇಲಷ್ಟೇ ಟೈಮಿಂಗ್. ಪಾಯಿಂಟ್ ಸಂದು ಬದಲಾದರೆ ಕಿಡಿ ಬೀಳುವ ಗಳಿಗೆಯೂ ಬದಲಾಗುತ್ತದೆ. ತಿರುವುಮುರುವು ಮಾಡಿದರೆ ಎರಡೆರಡು ಸಲ ಕೆಲಸ. ಪ್ಲಗ್ ಸಂದು 0.034 ಇಂಚು ಇಟ್ಟು ಹಾಕಿ. ಕಾರಿನಲ್ಲಿ ಕೂತವರ ಬಲಗಡೆ ಮುಂದಿನಿಂದ ಹಿಂದಕ್ಕೆ 1, 2, 3, 4. ಎಡಗಡೆ 5, 6, 7, 8. ಕಿಡಿಯ ಸರದಿ 1-5-4-2-6-3-7-8, ರೋಟರ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿಗೆ ತಿರುಗುತ್ತದೆ. ಒಂದನೇ ಸಿಲಿಂಡರಿನ ವೈರಿಗೆ ಟೈಮಿಂಗ್ ಲೈಟ್ ಹಾಕಿ. ವ್ಯಾಕ್ಯೂಮ್ ಪೈಪ್ ಕಿತ್ತು ಅದರ ಬಾಯಿ ಮುಚ್ಚಿ. ಬಿಸಿಯಾದ ಎಂಜಿನ್ ನಿಧಾನ ಐಡಲ್‌ನಲ್ಲಿರುವಾಗ, ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ 6 ಡಿಗ್ರಿ ಮುಂಚೆ ಕಿಡಿ ಬೀಳುವ ಹಾಗೆ ಡಿಸ್ಟ್ರಿಬ್ಯೂಟರ್ ತಿರುಗಿಸಿ ಬಿಗಿ ಮಾಡಿ. ಹೊಗೆ ನಿಯಂತ್ರಣದ ಪಂಪ್ ಇರುವ ಕಾರಿಗೆ ಈ ಅಂಕಿ ಬೇರೆ, ಮ್ಯಾನ್ಯುಯಲ್ ನೋಡಿ.

ಇಷ್ಟು ಮಾಡಿಯೂ ಎಂಜಿನ್ ಗೊರಗೊರ ಅಂದರೆ, ಟೈಮಿಂಗ್ ಲೈಟಿನ ಬೆಳಕಿನಲ್ಲಿ ನೋಡಿದ ಗುರುತಿನ ಗೆರೆಯನ್ನೇ ಅನುಮಾನಿಸಿ. ಕ್ರ್ಯಾಂಕಿನ ಮುಂದಿನ ಬ್ಯಾಲೆನ್ಸರ್ ಎರಡು ಉಂಗುರದ್ದು, ನಡುವೆ ರಬ್ಬರ್. ರಬ್ಬರ್ ಸಡಿಲವಾದರೆ ಹೊರ ಉಂಗುರ ಜಾರಿ ಗೆರೆ ಸುಳ್ಳು ಹೇಳುತ್ತದೆ.

ಪಾಯಿಂಟ್ ಗೊಡವೆಯೇ ಬೇಡ ಅನ್ನುವವರಿಗೆ ಅದೇ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಕಿಟ್ ಇದೆ. ಕೆಟ್ಟದ್ದೇನಲ್ಲ. ಆದರೆ ಹೆದ್ದಾರಿಯಲ್ಲಿ ಕೈಕೊಟ್ಟರೆ ಅದನ್ನು ಉಪ್ಪುಕಾಗದದಲ್ಲಿ ತಿಕ್ಕಿ ಎಬ್ಬಿಸಲಾಗದು. ಹಳೆಯ ಪಾಯಿಂಟ್ ಒಂದು ಗ್ಲವ್ ಬಾಕ್ಸಿನಲ್ಲಿರಲಿ.

ಎಣ್ಣೆ, ನೀರು

ಎಂಜಿನ್ ಆಯಿಲ್, ಫಿಲ್ಟರ್ ಸೇರಿ 5 ಕ್ವಾರ್ಟ್, ಅಂದರೆ ಸುಮಾರು 4.7 ಲೀಟರ್. ಯಾವುದೋ ಹೊಸ ಕಾರಿನ ಆಯಿಲ್ ಹಾಕಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗದಿರಲಿ ಅಂತ ಈಗಿನ ಆಯಿಲ್‌ಗಳಲ್ಲಿ ಸತು-ರಂಜಕದ ಅಂಶ ಇಳಿಸಿದ್ದಾರೆ. ನಮ್ಮ ಎಂಜಿನ್‌ಗಳಲ್ಲಿ ವಾಲ್ವ್ ಎತ್ತುವ ಚಪ್ಪಟೆ ಟ್ಯಾಪೆಟ್ ಕ್ಯಾಮ್ ಮೇಲೆ ಉಜ್ಜಿಕೊಂಡೇ ಓಡುವುದರಿಂದ ಅದಕ್ಕೆ ಆ ಅಂಶ ಬೇಕೇ ಬೇಕು. ಹಳೆಯ ಕಾರಿಗೆಂದೇ ಮಾರುವ ಆಯಿಲ್ ತನ್ನಿ. ಸಿ4 ಗೇರ್‌ಬಾಕ್ಸಿಗೆ ಟೈಪ್ ಎಫ್ ಎಣ್ಣೆ. ರೇಡಿಯೇಟರಿಗೆ ಕೂಲಂಟ್, ನೀರು ಅರ್ಧಕ್ಕರ್ಧ. ನೆಲದ ಮೇಲೆ ಚೆಲ್ಲಿದ ಕೂಲಂಟ್ ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ. ಕೂಡಲೇ ಒರೆಸಿ.

ತುಕ್ಕು, ತಗಡು

ಈಗ ಕಾರು ಓಡುತ್ತದೆ, ನಿಲ್ಲುತ್ತದೆ. ಇನ್ನು ತಗಡಿಗೆ ಕೈ ಹಾಕಬಹುದು. ಎಲ್ಲಿಂದ ನೀರು ಬರುತ್ತಿದೆಯೋ ಅದನ್ನು ಮೊದಲು ನಿಲ್ಲಿಸಿ, ಅಂದರೆ ಕೌಲ್ ಮೊದಲು, ನೆಲ ಆಮೇಲೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ನಿಮಗೆ ಗೊತ್ತು.

ಮಸ್ಟ್ಯಾಂಗ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ತಗಡೇ ಬೆನ್ನೆಲುಬು. ನೆಲ ಕತ್ತರಿಸುವ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಿ ಬಿಗಿ ಮಾಡಿಕೊಳ್ಳಿ. ಕನ್ವರ್ಟಿಬಲ್ ಆದರೆ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಬಾಗಿಲು ಹಾಕಿಕೊಳ್ಳುವುದಿಲ್ಲ. ಎರಡೂ ಪಕ್ಕ ಒಟ್ಟಿಗೆ ಕತ್ತರಿಸಬೇಡಿ.

ಮನೆಯ ಕರೆಂಟಿನಲ್ಲಿ ಓಡುವ ಮಿಗ್ ವೆಲ್ಡರ್, 0.023 ಇಂಚಿನ ತಂತಿ, ಮುಕ್ಕಾಲು ಆರ್ಗಾನ್ ಕಾಲು ಇಂಗಾಲದ ಡೈಆಕ್ಸೈಡ್ ಇರುವ ಗ್ಯಾಸ್. ತಗಡು ತೆಳುವಾಗಿರುವುದರಿಂದ ಉದ್ದಕ್ಕೆ ಗೆರೆ ಎಳೆದ ಹಾಗೆ ಬೆಸೆದರೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕಿ, ಅಷ್ಟು ದೂರದಲ್ಲಿ ಇನ್ನೊಂದು, ತಣ್ಣಗಾಗಲು ಬಿಟ್ಟು ನಡುವೆ ಮತ್ತೊಂದು. ರಂಗೋಲಿಯ ಚುಕ್ಕಿ ಇಟ್ಟ ಹಾಗೆ ಇಟ್ಟುಕೊಂಡು ಹೋಗಿ, ಕೊನೆಗೆ ಕೂಡಿಸಿ. ಶುರು ಮಾಡುವ ಮುಂಚೆ ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಿ, ಕಾರ್ಪೆಟ್ಟಿನ ಕೆಳಗಿನ ಸೆಣಬಿನ ಹಾಸು ತೆಗೆಯಿರಿ. ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಕಿಡಿ ಎಲ್ಲೋ ಅಡಗಿ ಆಮೇಲೆ ಹೊಗೆಯಾಡುತ್ತದೆ.

ಚಾವಣಿಯೂ ಹಿಂದಿನ ಪಕ್ಕೆಯೂ ಕೂಡುವ ಜಾಗದಲ್ಲಿ ಕಾರ್ಖಾನೆಯವರು ಸೀಸ ತುಂಬಿರುತ್ತಾರೆ. ಗ್ರೈಂಡರ್ ಹಾಕಿದರೆ ಸೀಸದ ಧೂಳು ಮನೆಯೊಳಗೆ ಬರುತ್ತದೆ. ಮಕ್ಕಳಿರುವ ಮನೆಯಾದರೆ ಆ ಜಾಗ ಮುಟ್ಟಬೇಡಿ. ಕೊನೆಯ ಬಣ್ಣ ಹೊಡೆಯುವುದನ್ನೂ ಅಂಗಡಿಗೆ ಬಿಡಿ. ಈಗಿನ ಎರಡು ಮಿಶ್ರಣದ ಬಣ್ಣಗಳಲ್ಲಿರುವ ಐಸೋಸಯನೇಟ್ ಅನ್ನುವ ವಿಷಕ್ಕೆ ಸಾಮಾನ್ಯ ಮಾಸ್ಕ್ ಸಾಲದು. ಎಪಾಕ್ಸಿ ಪ್ರೈಮರಿನ ಮೇಲೆ ಪುಟ್ಟಿ ಎಳೆದು ಉಪ್ಪುಕಾಗದ ಹೊಡೆಯುವ ಕೆಲಸ ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ. ಬಿಲ್ಲಿನಲ್ಲಿ ದೊಡ್ಡ ಪಾಲು ಅದರದ್ದೇ.

ಓಡಿಸುವುದು, ಚಳಿಗಾಲಕ್ಕೆ ಮಲಗಿಸುವುದು

ಮಿಷಿಗನ್‌ನಲ್ಲಿ ಹಳೆಯ ಕಾರಿಗೆ ಹಿಸ್ಟಾರಿಕಲ್ ನಂಬರ್ ಪ್ಲೇಟ್ ಸಿಗುತ್ತದೆ. ಪ್ರದರ್ಶನ, ಮೆರವಣಿಗೆ, ಕ್ಲಬ್ಬಿನ ಕೆಲಸಕ್ಕಷ್ಟೇ ಓಡಿಸಬೇಕು. ಆದರೆ ಆಗಸ್ಟ್ ತಿಂಗಳಿಡೀ ಎಲ್ಲಿಗೆ ಬೇಕಾದರೂ ಹೋಗಬಹುದು. ಆ ತಿಂಗಳ ಮೂರನೇ ಶನಿವಾರವೇ ವುಡ್‌ವರ್ಡ್ ರಸ್ತೆಯ ಡ್ರೀಮ್ ಕ್ರೂಸ್, ಹಳೆಯ ಕಾರುಗಳ ಜಾತ್ರೆ, 1995ರಿಂದ ನಡೆಯುತ್ತಿದೆ. ಅಲ್ಲಿ ನಿಧಾನಗತಿಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ನಿಮ್ಮ ರೇಡಿಯೇಟರಿನ ಬಂಡವಾಳ ಅಲ್ಲೇ ಬಯಲಾಗುವುದು.

ರಸ್ತೆಗೆ ಮೊದಲ ಉಪ್ಪು ಬೀಳುವ ಮುಂಚೆ ಕಾರು ಒಳಗಿರಬೇಕು. ಟ್ಯಾಂಕ್ ಪೂರ್ತಿ ತುಂಬಿಸಿ, ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹಾಕಿ ಹತ್ತು ನಿಮಿಷ ಓಡಿಸಿ, ಅದು ಕಾರ್ಬ್ಯುರೇಟರಿನವರೆಗೂ ಹೋಗಲಿ. ಕೊಳೆ ಆಯಿಲ್ ಈಗಲೇ ಬದಲಾಯಿಸಿ, ವಸಂತಕ್ಕೆ ಬಿಡಬೇಡಿ. ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿ. ತಿಂಗಳಿಗೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಚಟ ಬಿಡಿ. ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ಕಟ್ಟುತ್ತದೆ ಅಷ್ಟೇ.

ಇಲಿಗಳು ಸೈಲೆನ್ಸರಿನಿಂದಲೂ ಏರ್ ಫಿಲ್ಟರಿನಿಂದಲೂ ನುಗ್ಗಿ ಗೂಡು ಕಟ್ಟುತ್ತವೆ. ಎರಡೂ ಬಾಯಿಗೆ ಪಾತ್ರೆ ತಿಕ್ಕುವ ಸ್ಟೀಲ್ ಊಲ್ ತುರುಕಿ. ತುರುಕಿದ್ದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಅಂಟಿಸಿ. ಏಪ್ರಿಲ್‌ನಲ್ಲಿ ಕೀ ತಿರುಗಿಸುವ ಆತುರದಲ್ಲಿ ಅದು ಖಂಡಿತ ನೆನಪಿರುವುದಿಲ್ಲ.